ಜಿಲ್ಲಾ ಸೈಬರ್ ಠಾಣೆಗೆ ವರ್ಷಕ್ಕೆ 50 ಲಕ್ಷ ಸಿಕ್ಕರೆ, ಮಕ್ಕಳ ಪ್ರಕರಣಗಳಿಗೆ ಮೊದಲು ಎಲ್ಲಿ ಖರ್ಚು ಮಾಡಬೇಕು?

ಕಡತ_ಕನ್ನಡಿ

ಸೈಬರ್ ಪೊಲೀಸರಿಗೆ ಹಣ ಸಾಲದು ಅನ್ನುವುದು ಎಲ್ಲರೂ ಆಡುವ ಮಾತು. ಬಂದ ಹಣ ಯಾವ ಬಾಬ್ತಿಗೆ ಹೋಯಿತು, ಅದರಿಂದ ಎಷ್ಟು ಮಕ್ಕಳ ಪ್ರಕರಣ ಕೋರ್ಟಿನವರೆಗೆ ತಲುಪಿತು ಎಂದು ಕೇಳುವವರು ಕಡಿಮೆ. ಈ ಎಳೆಯಲ್ಲಿ ಅದನ್ನೇ ಬಿಡಿಸಿ ನೋಡೋಣ.

ಹಿನ್ನೆಲೆ ಚಿಕ್ಕದಾಗಿ: 2013ರಲ್ಲಿ ಹುಟ್ಟಿದ ನಿರ್ಭಯಾ ನಿಧಿಯಿಂದ ಕೇಂದ್ರ ಗೃಹ ಸಚಿವಾಲಯ ಮಹಿಳೆಯರು ಮತ್ತು ಮಕ್ಕಳ ಮೇಲಿನ ಸೈಬರ್ ಅಪರಾಧ ತಡೆಗೆ ಸಿಸಿಪಿಡಬ್ಲ್ಯೂಸಿ ಎಂಬ ಯೋಜನೆ ತಂದಿತು. ಅಂದಾಜು ವೆಚ್ಚ 223.19 ಕೋಟಿ. ಅದರಲ್ಲಿ ರಾಜ್ಯಗಳಿಗೆ ಕೊಟ್ಟ ನೆರವು 131.60 ಕೋಟಿ ಎಂದು ಸರ್ಕಾರ ಸಂಸತ್ತಿಗೆ ಉತ್ತರ ಕೊಟ್ಟಿತ್ತು. ಕೆಲಸ ಮೂರು: ವಿಧಿವಿಜ್ಞಾನ ಮತ್ತು ತರಬೇತಿ ಪ್ರಯೋಗಾಲಯ ಕಟ್ಟುವುದು, ಕಿರಿಯ ಸೈಬರ್ ಸಲಹೆಗಾರರನ್ನು ನೇಮಿಸುವುದು, ಪೊಲೀಸರು, ಅಭಿಯೋಜಕರು, ನ್ಯಾಯಾಧೀಶರಿಗೆ ತರಬೇತಿ ಕೊಡುವುದು. 33 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗಾಲಯಗಳು ಎದ್ದವು. ಅದೇ ನಿರ್ಭಯಾ ನಿಧಿಯಡಿ ಬೆಂಗಳೂರು ಸೇಫ್ ಸಿಟಿ ಯೋಜನೆಗೆ ಮಂಜೂರಾದದ್ದು 667 ಕೋಟಿ, ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ. ಹೆಚ್ಚಿನ ಪಾಲು ಕ್ಯಾಮೆರಾ ಜಾಲಕ್ಕೆ. ಇಡೀ ದೇಶದ ಸೈಬರ್ ತನಿಖಾ ಸಾಮರ್ಥ್ಯಕ್ಕೆ ಇಟ್ಟದ್ದರ ಸುಮಾರು ಮೂರು ಪಟ್ಟು ಒಂದು ನಗರದ ಬೀದಿಗೆ.

ಈಗ ಪ್ರಶ್ನೆ. ಕರ್ನಾಟಕದ ಒಂದು ಮಧ್ಯಮ ಗಾತ್ರದ ಜಿಲ್ಲೆ. ಮಕ್ಕಳ ಮೇಲಿನ ಆನ್‌ಲೈನ್ ಲೈಂಗಿಕ ಅಪರಾಧಕ್ಕೆ ಎಂದೇ ಪ್ರತಿ ವರ್ಷ 50 ಲಕ್ಷ ಮೀಸಲು ಎಂದು ಇಟ್ಟುಕೊಳ್ಳಿ. ಮೊದಲ ರೂಪಾಯಿ ಎಲ್ಲಿಗೆ?

ಹೆಕ್ಸ್_ಹರಿವು

ಫೋನ್ ಜಪ್ತಿಯಾದ ಮೊದಲ ಮೂರು ದಿನಕ್ಕೆ.

ಆರೋಪಿಯ ಫೋನ್ ಕೈಗೆ ಸಿಕ್ಕಾಗ ಅದು ಎರಡರಲ್ಲಿ ಒಂದು ಸ್ಥಿತಿಯಲ್ಲಿರುತ್ತೆ. ಆನ್ ಆದ ಮೇಲೆ ಒಮ್ಮೆಯಾದರೂ ಪಾಸ್‌ಕೋಡ್ ಹಾಕಿ ತೆರೆದಿದ್ದರೆ, ದತ್ತಾಂಶ ಬಿಡಿಸುವ ಬಹುಪಾಲು ಕೀಲಿಗಳು ಮೆಮೊರಿಯಲ್ಲಿ ಇರುತ್ತವೆ. ಪರದೆ ಲಾಕ್ ಆಗಿದ್ದರೂ ಉಪಕರಣಕ್ಕೆ ಸಾಕಷ್ಟು ಸಿಗುತ್ತೆ. ಸ್ವಿಚ್ ಆಫ್ ಆಗಿ ಮತ್ತೆ ಆನ್ ಆಗಿ, ಪಾಸ್‌ಕೋಡ್ ಬಿದ್ದಿಲ್ಲವಾದರೆ ಆ ಕೀಲಿಗಳು ಇರಲ್ಲ, ಸಿಗೋದು ಚೂರುಪಾರು. 2024ರಿಂದ ಐಫೋನ್‌ಗಳು ಕೆಲವು ದಿನ ಯಾರೂ ತೆರೆಯದಿದ್ದರೆ ತಾವಾಗಿಯೇ ರೀಸ್ಟಾರ್ಟ್ ಆಗುತ್ತವೆ. ಸಂಶೋಧಕರು ಅಳೆದ ಅವಧಿ 72 ಗಂಟೆ. 2025ರ ಏಪ್ರಿಲ್‌ನಲ್ಲಿ ಗೂಗಲ್ ಕೂಡ ಆಂಡ್ರಾಯ್ಡ್‌ಗೆ ಇದೇ ಸೌಲಭ್ಯ ಕೊಟ್ಟಿತು: ಸತತ ಮೂರು ದಿನ ಲಾಕ್ ಆಗಿದ್ದರೆ ರೀಸ್ಟಾರ್ಟ್. ಫೋನ್ ಕಳ್ಳರ ವಿರುದ್ಧ ಇದು ಒಳ್ಳೆಯದೇ. ಆದರೆ ನಮ್ಮಲ್ಲಿ ನಡೆಯೋದು ಏನು? ಫೋನನ್ನು ಸ್ವಿಚ್ ಆಫ್ ಮಾಡಿ, ಬಟ್ಟೆ ಸುತ್ತಿ, ಅರಗು ಮುದ್ರೆ ಒತ್ತಿ, ಕೋರ್ಟಿಗೆ ತೋರಿಸಿ, ಪ್ರಯೋಗಾಲಯದ ಸರದಿಗೆ ಕಳಿಸುವುದು. ಮುದ್ರೆ ಒತ್ತಿದ ಹೊತ್ತಿಗೇ ಅರ್ಧ ಸಾಕ್ಷ್ಯ ಹೋಗಿರುತ್ತೆ.

ಹಾಗಾಗಿ ಜಿಲ್ಲೆಯಲ್ಲೇ ಇರಬೇಕಾದದ್ದು: ಫ್ಯಾರಡೆ ಚೀಲ (ಸಿಗ್ನಲ್ ತಡೆಯುವ ಚೀಲ) ಕನಿಷ್ಠ 20, ಪ್ರತಿ ಚೀಲಕ್ಕೆ ಒಂದು ಪವರ್ ಬ್ಯಾಂಕ್, ಫೋನಿನ ದತ್ತಾಂಶ ಹೊರತೆಗೆಯುವ ಒಂದು ಮೊಬೈಲ್ ಎಕ್ಸ್‌ಟ್ರಾಕ್ಷನ್ ಉಪಕರಣ, ಎರಡು ರೈಟ್ ಬ್ಲಾಕರ್ (ಡಿಸ್ಕನ್ನು ಓದಲು ಮಾತ್ರ ಬಿಟ್ಟು, ಅದರಲ್ಲಿ ಬರೆಯದಂತೆ ತಡೆಯುವ ಸಾಧನ), ಇಂಟರ್ನೆಟ್ ಸಂಪರ್ಕವೇ ಇಲ್ಲದ ಎರಡು ಕಂಪ್ಯೂಟರ್. ಪವರ್ ಬ್ಯಾಂಕ್ ಯಾಕೆ ಅಂದರೆ, ಸಿಗ್ನಲ್ ಸಿಗದ ಚೀಲದೊಳಗೆ ಫೋನ್ ನೆಟ್‌ವರ್ಕ್ ಹುಡುಕುತ್ತಾ ಬ್ಯಾಟರಿ ಬೇಗ ಖಾಲಿ ಮಾಡಿಕೊಳ್ಳುತ್ತೆ, ಖಾಲಿಯಾದರೆ ಆಫ್ ಆಗುತ್ತೆ, ಆಫ್ ಆದರೆ ಮೇಲೆ ಹೇಳಿದ ಕಥೆ. ಪವರ್ ಬ್ಯಾಂಕ್ ಚೀಲದ ಒಳಗೇ ಇರಬೇಕು. ಚಾರ್ಜರ್ ವೈರನ್ನು ಬಾಯಿಯಿಂದ ಹೊರಗೆ ಎಳೆದರೆ ಅದೇ ಆಂಟೆನಾ ಆಗಿ ಸಿಗ್ನಲ್ ಒಳಗೆ ಬರುತ್ತೆ, ದೂರದಿಂದ ಫೋನ್ ಅಳಿಸಿಹಾಕುವ ಆದೇಶವೂ ಬರಬಹುದು.

ಮಲೆನಾಡ_ಓದುಗ

ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ (ಎಫ್‌ಎಸ್‌ಎಲ್) ಇದೆ, ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. 2024ರಲ್ಲಿ ಕೇಂದ್ರ 2,254.43 ಕೋಟಿಯ ರಾಷ್ಟ್ರೀಯ ವಿಧಿವಿಜ್ಞಾನ ಮೂಲಸೌಕರ್ಯ ಯೋಜನೆಗೂ ಒಪ್ಪಿಗೆ ಕೊಟ್ಟಿದೆ. ಜಿಲ್ಲೆಗೊಂದು ಉಪಕರಣ ಕೊಳ್ಳುವ ಬದಲು ಅಲ್ಲೇ ತಜ್ಞರನ್ನು ಹೆಚ್ಚಿಸಿದರೆ ಆಗದೇ?

ಹೆಕ್ಸ್_ಹರಿವು

@ಮಲೆನಾಡ_ಓದುಗ ಎರಡೂ ಬೇಕು, ಆದರೆ ಕೆಲಸ ಬೇರೆ ಬೇರೆ. ಜಿಲ್ಲೆಯ ಕೆಲಸ ಪ್ರತಿ ತೆಗೆಯುವುದು: ಫೋನ್ ಬದುಕಿರುವಾಗಲೇ ಇಮೇಜ್ (ದತ್ತಾಂಶದ ಪ್ರತಿ) ತೆಗೆದು, ಹ್ಯಾಶ್ (ಆ ಪ್ರತಿಯ ಬೆರಳಚ್ಚಿನಂಥ ಸಂಖ್ಯೆ) ಬರೆದು, ಸೀಲ್ ಮಾಡುವುದು. ಪ್ರಯೋಗಾಲಯದ ಕೆಲಸ ವಿಶ್ಲೇಷಣೆ ಮತ್ತು ಅಭಿಪ್ರಾಯ. ಪ್ರತಿ ಕೈಯಲ್ಲಿದ್ದರೆ ವರದಿ ಆರು ತಿಂಗಳು ತಡವಾದರೂ ಸಾಕ್ಷ್ಯ ಅಳಿಯಲ್ಲ. ಪ್ರಯೋಗಾಲಯದ ಸರದಿಯಲ್ಲಿ ಕೊಲೆ, ಅಪಘಾತ, ವಂಚನೆ ಎಲ್ಲದರ ಫೋನೂ ಇರುತ್ತೆ. ಮಗುವಿನ ಪ್ರಕರಣಕ್ಕೆ ಅಲ್ಲಿ ಪ್ರತ್ಯೇಕ ಸಾಲು ಇಲ್ಲ.

ಸಂಗ್ರಹಣೆಯ ಲೆಕ್ಕವನ್ನು ಯಾರೂ ಹಾಕಲ್ಲ, ಅದನ್ನೂ ಹೇಳಿಬಿಡ್ತೀನಿ. ತಿಂಗಳಿಗೆ 12 ಫೋನ್, ತಲಾ ಸರಾಸರಿ 90 ಜಿಬಿ ತುಂಬಿದ್ದರೆ 1.08 ಟಿಬಿ. ಎರಡು ಪ್ರತಿ ಇಡಲೇಬೇಕು, 2.16 ಟಿಬಿ. ವರ್ಷಕ್ಕೆ ಹತ್ತಿರ ಹತ್ತಿರ 26 ಟಿಬಿ, ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ಬಿಟ್ಟು. 8 ಟಿಬಿಯ ಎಂಟು ಡಿಸ್ಕ್ ಹಾಕಿ ರೈಡ್-6 (ಎರಡು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವ ಜೋಡಣೆ) ಕಟ್ಟಿದರೆ ಬಳಕೆಗೆ ಸಿಗೋದು 48 ಟಿಬಿ, ಎರಡು ವರ್ಷ ಮುಗಿಯುವ ಮೊದಲೇ ಭರ್ತಿ. ಮೇಲ್ಮನವಿ ಮುಗಿಯುವವರೆಗೂ ಅಳಿಸುವಂತಿಲ್ಲ. ಹಾಗಾಗಿ ಹಳೆಯ ಪ್ರಕರಣಗಳನ್ನು ಎನ್‌ಕ್ರಿಪ್ಟ್ ಮಾಡಿ ಎಲ್‌ಟಿಒ ಎಂಬ ದತ್ತಾಂಶ ಟೇಪಿಗೆ ಇಳಿಸುವ ವ್ಯವಸ್ಥೆಯೂ ಬಜೆಟ್ಟಲ್ಲಿ ಇರಲಿ. ಎಲ್‌ಟಿಒ-8 ಟೇಪ್ ಒಂದರಲ್ಲಿ 12 ಟಿಬಿ ಹಿಡಿಯುತ್ತೆ. ಇದಿಲ್ಲದ ಕಡೆ ಪೆನ್‌ಡ್ರೈವ್‌ನಲ್ಲಿ, ಠಾಣೆಯ ರೈಟರ್ ಮೇಜಿನ ಕಂಪ್ಯೂಟರಿನಲ್ಲಿ ಮಕ್ಕಳ ವೀಡಿಯೊ ಪ್ರತಿಗಳು ಉಳಿಯುತ್ತವೆ. ಅದಕ್ಕಿಂತ ದೊಡ್ಡ ಅನ್ಯಾಯ ಆ ಮಗುವಿಗೆ ಇನ್ನೊಂದಿಲ್ಲ.

ಲೆಕ್ಕ_ಶಾಖೆ

ಉಪಕರಣದ ಪಟ್ಟಿ ಸರಿ. ಅದು ಮೂರನೇ ವರ್ಷ ಯಾಕೆ ಧೂಳು ಹಿಡಿಯುತ್ತದೆ ಎಂಬುದನ್ನು ನಾನು ಹೇಳುತ್ತೇನೆ.

ಯೋಜನೆಯ ಹಣ ಬಹುಮಟ್ಟಿಗೆ ಒಮ್ಮೆ ಮಾತ್ರ ಬರುವಂಥದ್ದು, ಬಂಡವಾಳ ವೆಚ್ಚದ ಶೀರ್ಷಿಕೆಯಡಿ. ಎಕ್ಸ್‌ಟ್ರಾಕ್ಷನ್ ಉಪಕರಣದ ಜೀವ ಇರುವುದು ಪೆಟ್ಟಿಗೆಯಲ್ಲಲ್ಲ, ವಾರ್ಷಿಕ ಪರವಾನಗಿಯಲ್ಲಿ. ಹೊಸ ಫೋನ್, ಹೊಸ ಆಪರೇಟಿಂಗ್ ಸಿಸ್ಟಂ ಬಂದಂತೆಲ್ಲ ಅಪ್‌ಡೇಟ್ ಬೇಕು. ಪರವಾನಗಿ ಮುಗಿದ ದಿನವೇ ಪೆಟ್ಟಿಗೆ ಹಳೆಯ ಫೋನ್‌ಗಳಿಗಷ್ಟೇ ಸೀಮಿತ. ನವೀಕರಣ ಎಂದರೆ ರಾಜಸ್ವ ವೆಚ್ಚ, ಬೇರೆ ಶೀರ್ಷಿಕೆ, ಬೇರೆ ಮಂಜೂರಾತಿ. ಮೊದಲ ಸಲ ಕೊಂಡ ಯೋಜನೆಯಲ್ಲಿ ಅದಕ್ಕೆ ಅವಕಾಶ ಇರುವುದಿಲ್ಲ, ಜಿಲ್ಲೆಯ ಸಾದಿಲ್ವಾರು (ಚಿಲ್ಲರೆ ಖರ್ಚಿನ ಹಣ) ಅದಕ್ಕೆ ಸಾಲುವುದಿಲ್ಲ.

ಟೆಂಡರ್ ಕರೆಯುವಾಗಲೇ ಮೂರು ವರ್ಷದ ಪರವಾನಗಿ, ತರಬೇತಿ, ಡಾಂಗಲ್ (ಪರವಾನಗಿ ಇರುವ ಯುಎಸ್‌ಬಿ ಕೀಲಿ) ಕೆಟ್ಟರೆ ಬದಲಿಸುವ ಷರತ್ತು, ಎಲ್ಲ ಸೇರಿಸಿ ಒಂದೇ ದರ ಕೇಳಬೇಕು. ನಿರ್ದಿಷ್ಟತೆಯಲ್ಲಿ ಒಂದೇ ಕಂಪನಿಯ ಕರಪತ್ರವನ್ನು ನಕಲು ಮಾಡಿದರೆ ಸರ್ಕಾರಿ ಖರೀದಿಯ ಪಾರದರ್ಶಕತೆಗೆ ಇರುವ ರಾಜ್ಯದ ಕೆಟಿಪಿಪಿ ಕಾಯ್ದೆಯಡಿ ಆಕ್ಷೇಪ ಬರುತ್ತದೆ, ಟೆಂಡರ್ ರದ್ದಾಗಿ ವರ್ಷ ಕಳೆಯುತ್ತದೆ. ಬ್ರಾಂಡ್ ಬದಲು ಕೆಲಸ ಬರೆಯಿರಿ: ಇಂಥ ಚಿಪ್‌ಸೆಟ್‌ಗಳಿಗೆ ಪೂರ್ಣ ಫೈಲ್ ಸಿಸ್ಟಂ ಪ್ರತಿ, ಎಸ್‌ಎಚ್‌ಎ-256 ಹ್ಯಾಶ್ ತಾನಾಗಿಯೇ ದಾಖಲಾಗುವುದು, ಕನ್ನಡ ಪಠ್ಯವನ್ನು ಹುಡುಕಲು ಬರುವುದು. ಕೊನೆಯದನ್ನು ಮರೆಯಬೇಡಿ. ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲೂ ಚಾಟ್ ಹುಡುಕಲು ಆಗದ ತಂತ್ರಾಂಶ ನಮ್ಮ ಜಿಲ್ಲೆಗಳಿಗೆ ಅರ್ಧ ಉಪಯೋಗ ಮಾತ್ರ.

ಇನ್ನೊಂದು: ಕೇಂದ್ರದ ಅನುದಾನಕ್ಕೆ ರಾಜ್ಯ ಕೊಡಬೇಕಾದ ಬಳಕೆ ಪ್ರಮಾಣಪತ್ರ ಕೇಂದ್ರದ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಸಿ ನಮೂನೆಯಲ್ಲಿ. ಒಂದು ಜಿಲ್ಲೆ ತಡ ಮಾಡಿದರೂ ರಾಜ್ಯದ ಮುಂದಿನ ಕಂತು ನಿಲ್ಲಬಹುದು. ಫೆಬ್ರವರಿಯಲ್ಲಿ ಹಣ ಬಿಡುಗಡೆಯಾಗಿ ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕಾದಾಗ ಜನ ಕೊಳ್ಳುವುದು ಟಿವಿ ಪರದೆ, ಕುರ್ಚಿ, ಎಸಿ. ಅವು ಬೇಗ ಸಿಗುತ್ತವೆ.

ಹಟ್ಟಿಯಂಗಡಿ_ನೆಟ್

ಫೋನ್ ಜಪ್ತಿ ಆಗೋದಕ್ಕೂ ಮುಂಚೆ ಆರೋಪಿ ಯಾರು ಅಂತ ಗೊತ್ತಾಗಬೇಕಲ್ಲ. ಹಣ ಅಲ್ಲೇ ಮೊದಲು ಬೇಕು.

ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್‌ನಂಥ ಕಂಪನಿಗಳು ತಮ್ಮಲ್ಲಿ ಮಕ್ಕಳ ಲೈಂಗಿಕ ದೃಶ್ಯ ಕಂಡರೆ ಕಡ್ಡಾಯವಾಗಿ ವರದಿ ಕೊಡುತ್ತವೆ. 2019ರ ಏಪ್ರಿಲ್‌ನಲ್ಲಿ ನಮ್ಮ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ (ಎನ್‌ಸಿಆರ್‌ಬಿ) ಅದರ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಭಾರತಕ್ಕೆ ಸೇರಿದ ಟಿಪ್‌ಗಳು, ಅಂದರೆ ಈ ವರದಿಯ ಸುಳಿವುಗಳು, ದೆಹಲಿಗೆ, ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ ಬರುತ್ತವೆ. 2023ರಲ್ಲಿ ಒಟ್ಟು 3.62 ಕೋಟಿ ವರದಿಗಳಲ್ಲಿ ಸುಮಾರು 89 ಲಕ್ಷ ಭಾರತಕ್ಕೆ ಹೊಂದಿಸಿದಂಥವು, ಬೇರೆಲ್ಲ ದೇಶಕ್ಕಿಂತ ಹೆಚ್ಚು. ಅಷ್ಟೂ ಬೇರೆ ಬೇರೆ ಅಪರಾಧ ಅಂತ ಓದಿಕೊಳ್ಳಬೇಡಿ. ವೈರಲ್ ಆದ ಒಂದೇ ವೀಡಿಯೊ ಸಾವಿರಾರು ವರದಿ ಆಗುತ್ತೆ. ಆ ರಾಶಿಯೊಳಗೆ ಈಗ, ಈ ಕ್ಷಣ ಒಂದು ಮಗುವನ್ನು ಬೆದರಿಸುತ್ತಿರುವವನ ಟಿಪ್ ಕೂಡ ಇರುತ್ತೆ. ಅದನ್ನು ಹೆಕ್ಕಿ ತೆಗೆಯುವ ಕೆಲಸಕ್ಕೆ ಒಬ್ಬ ಮನುಷ್ಯ ಬೇಕು. ಇಡೀ ದಿನ ಅದನ್ನೇ ಮಾಡುವ ಮನುಷ್ಯ.

ಟಿಪ್‌ನಲ್ಲಿ ಏನಿರುತ್ತೆ? ಐಪಿ ವಿಳಾಸ, ಸಮಯ, ಖಾತೆಯ ಹೆಸರು, ಕೆಲವೊಮ್ಮೆ ಫೋನ್ ನಂಬರ್. ತಪ್ಪಾಗೋದು ಎರಡು ಕಡೆ. ಮೊದಲನೆಯದು ಸಮಯ. ಟಿಪ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತವೆ. 14ನೇ ತಾರೀಖು 20:40 ಅಂತ ಇದ್ದರೆ ನಮ್ಮ ಗಡಿಯಾರದಲ್ಲಿ ಅದು 15ರ ಬೆಳಗಿನ ಜಾವ 2:10. ಐದೂವರೆ ಗಂಟೆ ಕೂಡಿಸದೆ 14ರ ರಾತ್ರಿ 8:40ಕ್ಕೆ ಯಾರಿದ್ದರು ಅಂತ ಟೆಲಿಕಾಂ ಕಂಪನಿಗೆ ಬರೆದರೆ ಸಿಗೋದು ಬೇರೆ ಯಾರದೋ ಮನೆ ವಿಳಾಸ. ಪೋಕ್ಸೋ ಪ್ರಕರಣದಲ್ಲಿ ತಪ್ಪು ಮನೆಯ ಬಾಗಿಲು ತಟ್ಟಿದರೆ ಆ ಕುಟುಂಬಕ್ಕೆ ಏನಾಗುತ್ತೆ ಅಂತ ಯೋಚಿಸಿ.

ಎರಡನೆಯದು ಪೋರ್ಟ್. ಮೊಬೈಲ್ ಕಂಪನಿಗಳು ಸಿಜಿನ್ಯಾಟ್ ಬಳಸುತ್ತವೆ. ಅಂದರೆ ಒಂದೇ ಐಪಿವಿ4 ವಿಳಾಸವನ್ನು ಒಂದೇ ಹೊತ್ತಿಗೆ ಬಹಳಷ್ಟು ಗ್ರಾಹಕರು ಹಂಚಿಕೊಂಡಿರುತ್ತಾರೆ. ಸೋರ್ಸ್ ಪೋರ್ಟ್ ನಂಬರ್ (ಹಂಚಿಕೊಂಡ ವಿಳಾಸದಲ್ಲಿ ಒಂದು ಸಂಪರ್ಕವನ್ನು ಬೇರ್ಪಡಿಸಿ ತೋರಿಸುವ ಸಂಖ್ಯೆ) ಮತ್ತು ಸೆಕೆಂಡಿನವರೆಗಿನ ಸಮಯ ಎರಡೂ ಇಲ್ಲದೆ ಕೇಳಿದರೆ ಉದ್ದನೆಯ ಪಟ್ಟಿ ಬರುತ್ತೆ, ಆರೋಪಿ ಬರಲ್ಲ. ಟಿಪ್‌ನಲ್ಲಿ ಪೋರ್ಟ್ ಇಲ್ಲದಿದ್ದರೆ ಅದೇ ಖಾತೆಯ ಬೇರೆ ಲಾಗಿನ್‌ಗಳಲ್ಲಿ ಹೊಸ ಬಗೆಯ ಐಪಿವಿ6 ವಿಳಾಸ ಇದೆಯಾ ನೋಡಿ. ಅಲ್ಲಿ ಈ ಹಂಚಿಕೆಯ ತೊಡಕು ಇಲ್ಲ.

ಪತ್ರ ಬರೆಯುವ ಕ್ರಮ: ಸಮಯವನ್ನು ಯುಟಿಸಿ, ಐಎಸ್‌ಟಿ ಎರಡರಲ್ಲೂ ಬರೆದು, ಐಪಿ, ಪೋರ್ಟ್, ದಾಖಲೆ ಕೇಳಲು ಅಧಿಕಾರ ಕೊಡುವ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಸಂಹಿತೆ) 94ನೇ ಕಲಂ, ನೋಡಲ್ ಅಧಿಕಾರಿಯ ಇಮೇಲ್. ಖಾತೆ ಇರುವ ಕಂಪನಿಗೆ ಅದೇ ದಿನ ದತ್ತಾಂಶ ಕಾಪಿಡುವ ಕೋರಿಕೆ. ಟಿಪ್ ವರದಿಗೆ ಸಂಬಂಧಿಸಿದ್ದನ್ನು ಅಮೆರಿಕದ ಕಂಪನಿಗಳು ಮುಂಚೆ 90 ದಿನ ಇಡಬೇಕಿತ್ತು, 2024ರ ರಿಪೋರ್ಟ್ ಕಾಯ್ದೆಯ ನಂತರ ಒಂದು ವರ್ಷ. ನಮ್ಮ ಪ್ರಕರಣಗಳಿಗೂ ಇದರಿಂದ ಸ್ವಲ್ಪ ಉಸಿರು ಸಿಕ್ಕಿದೆ. ಆದರೆ ಟಿಪ್ ಜಿಲ್ಲೆಗೆ ಬಂದು ಟ್ರೇನಲ್ಲೇ ಕೂತರೆ ಒಂದು ವರ್ಷವೂ ಸಾಲಲ್ಲ.

ನ್ಯಾಯಪೀಠದ_ಎದುರು

ಮೇಲಿನ ಎಲ್ಲ ಖರ್ಚೂ ಕೋರ್ಟಿನಲ್ಲಿ ನಿಲ್ಲದಿದ್ದರೆ ವ್ಯರ್ಥ. ಅಭಿಯೋಜನೆಯ ಕಡೆಯಿಂದ ಎದುರಾಗುವ ತೊಡಕುಗಳನ್ನು ಹೇಳುತ್ತೇನೆ.

ಐಟಿ ಕಾಯ್ದೆಯ 78ನೇ ಕಲಂ ಪ್ರಕಾರ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಆ ಕಾಯ್ದೆಯ ಅಪರಾಧಗಳ ತನಿಖೆ ನಡೆಸುವಂತಿಲ್ಲ. ಮಕ್ಕಳ ಅಶ್ಲೀಲ ದೃಶ್ಯಗಳ ಪ್ರಕರಣದಲ್ಲಿ 67ಬಿ ಕಲಂ ಸೇರುವುದು ಸಹಜ. ಪೋಕ್ಸೋ ಕಲಂಗಳನ್ನು ಮಾತ್ರ ಹಾಕಿದರೆ ಸಬ್ ಇನ್‌ಸ್ಪೆಕ್ಟರ್ ತನಿಖೆ ನಡೆಸಬಹುದು, 67ಬಿ ಸೇರಿದ ಕೂಡಲೇ ಇನ್‌ಸ್ಪೆಕ್ಟರೇ ಬೇಕು. ಠಾಣೆಗೆ ಒಬ್ಬ ಇನ್‌ಸ್ಪೆಕ್ಟರ್, ಅವರ ಮೇಜಿನ ಮೇಲೆ 1930 ಸಹಾಯವಾಣಿಯಿಂದ ಬರುವ ಹಣ ವಂಚನೆಯ ರಾಶಿ. ಅಲ್ಲಿ ಮೊದಲ ಗಂಟೆಯಲ್ಲಿ ಖಾತೆ ತಡೆದರೆ ದುಡ್ಡು ಉಳಿಯುತ್ತದೆ, ದೂರುದಾರ ಎದುರಿಗೇ ಕೂತಿರುತ್ತಾನೆ. ಅಮೆರಿಕದಿಂದ ಬಂದ ಟಿಪ್‌ನ ಹಿಂದೆ ಠಾಣೆಗೆ ಬಂದು ಅಳುವವರು ಯಾರೂ ಇಲ್ಲ. ಆ ಮಗುವಿಗೆ ತನ್ನ ಚಿತ್ರ ಹರಿದಾಡುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಸೈಬರ್, ಆರ್ಥಿಕ, ಮಾದಕವಸ್ತು ಮೂರನ್ನೂ ಹೊತ್ತ ಸಿಇಎನ್ ಠಾಣೆಗಳ ಮೂಲ ಸಮಸ್ಯೆ ಇದೇ ಆಗಿತ್ತು. ರಾಜ್ಯ 2025ರಲ್ಲಿ ಪ್ರತ್ಯೇಕ ಸೈಬರ್ ಕಮಾಂಡ್ ಘಟಕ ಮಾಡಿದ್ದು ಸರಿಯಾದ ಹೆಜ್ಜೆ. ಆದರೆ ಮಕ್ಕಳ ಪ್ರಕರಣಕ್ಕೆಂದೇ ಬೇಲಿ ಹಾಕಿದ ಸಿಬ್ಬಂದಿ ಮತ್ತು ಹಣ ಅದರೊಳಗೂ ಬೇಕು.

ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರದಲ್ಲಿ ಈಗ ಎರಡು ಭಾಗ. ಭಾಗ ಎ ದಾಖಲೆ ಹಾಜರುಪಡಿಸುವವರದು, ಭಾಗ ಬಿ ತಜ್ಞರದು. ಹ್ಯಾಶ್ ಮೌಲ್ಯ ಮತ್ತು ಯಾವ ವಿಧಾನ ಎಂಬುದನ್ನು ಎರಡರಲ್ಲೂ ಬರೆಯಬೇಕು. ಜಪ್ತಿ ದಿನ ಪಂಚನಾಮೆಯಲ್ಲಿ ಬರೆದ ಹ್ಯಾಶ್ ಒಂದು, ಪ್ರಮಾಣಪತ್ರದಲ್ಲಿ ಇನ್ನೊಂದು ಆದರೆ ಪ್ರತಿವಾದಿ ವಕೀಲರಿಗೆ ಬೇರೇನೂ ಬೇಕಿಲ್ಲ. ಹೀಗಾಗಲು ಸಾಮಾನ್ಯ ಕಾರಣ: ರೈಟ್ ಬ್ಲಾಕರ್ ಇಲ್ಲದೆ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚುವುದು. ವಿಂಡೋಸ್ ತಾನಾಗಿಯೇ ಅದರಲ್ಲಿ ಒಂದೆರಡು ಫೈಲ್ ಬರೆಯುತ್ತದೆ, ಡಿಸ್ಕಿನ ಹ್ಯಾಶ್ ಬದಲಾಗುತ್ತದೆ. ಒಂದು ಚಿಕ್ಕ ಸಾಧನ ಇಲ್ಲದ್ದಕ್ಕೆ ಪ್ರಕರಣ ಬೀಳುತ್ತದೆ. ಮೊಬೈಲಿನದು ಸ್ವಲ್ಪ ಬೇರೆ. ಆನ್ ಇರುವ ಫೋನಿನಿಂದ ಎರಡು ಸಲ ಪ್ರತಿ ತೆಗೆದರೆ ಎರಡು ಹ್ಯಾಶ್ ಬರುವುದು ಸಹಜ. ಅದನ್ನು ಟಿಪ್ಪಣಿಯಲ್ಲಿ ಮೊದಲೇ ಬರೆದು, ಮೊದಲ ಪ್ರತಿಯ ಹ್ಯಾಶನ್ನೇ ಮೂಲವೆಂದು ಇಟ್ಟುಕೊಳ್ಳಬೇಕು.

ಆರೋಪಿಗೆ ಪ್ರತಿ ಕೊಡುವ ವಿಷಯ: ದೃಶ್ಯದಲ್ಲಿ ಸಂತ್ರಸ್ತರ ಖಾಸಗಿತನ ಅಡಗಿದ್ದರೆ ಪ್ರತಿ ಕೊಡದೆ ನೋಡಲು ಮಾತ್ರ ಅವಕಾಶ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಹೇಳಿದೆ. ಚಾರ್ಜ್‌ಶೀಟ್ ಜೊತೆ ಸಿಡಿ ಹಂಚುವ ಅಭ್ಯಾಸ ಮಕ್ಕಳ ಪ್ರಕರಣದಲ್ಲಿ ನಿಲ್ಲಲೇಬೇಕು. ಕೋರ್ಟ್ ಆವರಣದಲ್ಲಿ ನೋಡಲು ಒಂದು ಆಫ್‌ಲೈನ್ ಲ್ಯಾಪ್‌ಟಾಪ್, ಅದಕ್ಕೊಂದು ರಿಜಿಸ್ಟರ್, ಇದಕ್ಕೂ ಹಣ ಇಡಿ.

ತರಬೇತಿಗೆ ಹಣ ಇಡುವವರು ಕಾನೂನಿನ ಈಚಿನ ಸ್ಥಿತಿಯನ್ನೂ ಸೇರಿಸಲಿ. ಇಂಥ ದೃಶ್ಯವನ್ನು ಬರೀ ನೋಡಿದ್ದು 67ಬಿ ಅಡಿ ಬರುವುದಿಲ್ಲ ಎಂದು ನಮ್ಮ ಹೈಕೋರ್ಟ್ 2024ರ ಜುಲೈನಲ್ಲಿ ಆದೇಶಿಸಿ, ಕೆಲವೇ ದಿನಗಳಲ್ಲಿ ಅದನ್ನು ತಾನೇ ಹಿಂಪಡೆಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಪೋಕ್ಸೋ 15ನೇ ಕಲಂ ವಿವರಿಸಿ, ಅಳಿಸದೆ, ವರದಿ ಮಾಡದೆ ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೂ ಅಪರಾಧವೆಂದು ಸ್ಪಷ್ಟಪಡಿಸಿತು. ಹಳೆಯ ಟಿಪ್ಪಣಿ ಇಟ್ಟುಕೊಂಡು ಪ್ರಕರಣ ಮುಚ್ಚುವವರು ಇನ್ನೂ ಇದ್ದಾರೆ.

ಸಾಗರದಾಚೆ_ಕನ್ನಡಿಗ

ಹಣ ಹಂಚುವ ರೀತಿಯ ಬಗ್ಗೆ ಅಮೆರಿಕದ ಒಂದು ಮಾದರಿ ಇಲ್ಲಿ ಉಪಯೋಗಕ್ಕೆ ಬರಬಹುದು. ಅಲ್ಲಿ ಮಕ್ಕಳ ಮೇಲಿನ ಇಂಟರ್ನೆಟ್ ಅಪರಾಧಗಳ ತನಿಖೆಗೆ ಐಸಿಎಸಿ ಎಂಬ ಪ್ರಾದೇಶಿಕ ಕಾರ್ಯಪಡೆಗಳ ಜಾಲ 1998ರಲ್ಲಿ ಶುರುವಾಯಿತು, ಈಗ 61 ಇವೆ. ಅನುದಾನ ಕೊಡುವುದು ನ್ಯಾಯ ಇಲಾಖೆಯ ಬಾಲನ್ಯಾಯ ಕಚೇರಿ. 2008ರ ಕಾಯ್ದೆ ಹಂಚಿಕೆಯ ಸೂತ್ರವನ್ನೇ ಬರೆದಿಟ್ಟಿದೆ: ಒಟ್ಟು ಹಣದ ಕನಿಷ್ಠ 75 ಪ್ರತಿಶತ ಸೂತ್ರದ ಪ್ರಕಾರ ಹೋಗಬೇಕು, ಎಷ್ಟೇ ಸಣ್ಣ ಕಾರ್ಯಪಡೆಗೂ ಕನಿಷ್ಠ 0.5 ಪ್ರತಿಶತ. ಸೂತ್ರದಲ್ಲಿ ಜನಸಂಖ್ಯೆ, ಬಂದ ಸುಳಿವುಗಳ ಸಂಖ್ಯೆ, ಅಭಿಯೋಜನೆಗೆ ಕಳಿಸಿದ ಪ್ರಕರಣ, ಗೆದ್ದ ಪ್ರಕರಣ ಇವೆಲ್ಲ ಸೇರುತ್ತವೆ. ಉಳಿದದ್ದು ಅಗತ್ಯ ನೋಡಿ, ಅದಕ್ಕೆ ಸ್ಥಳೀಯರು 25 ಪ್ರತಿಶತ ಜೊತೆಗೂಡಿಸಬೇಕು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಆ ಕನಿಷ್ಠ ಪಾಲು. ಮುಂದಿನ ವರ್ಷವೂ ಇಷ್ಟು ಬರುತ್ತದೆ ಎಂದು ಗೊತ್ತಿದ್ದರೆ ಜನರನ್ನು ನೇಮಿಸಬಹುದು. ಸೂತ್ರದಲ್ಲಿ ದೋಷವೂ ಇದೆ. ಪ್ರಕರಣದ ಎಣಿಕೆಗೆ ಹಣ ಕಟ್ಟಿದರೆ, ವೈರಲ್ ವೀಡಿಯೊ ಫಾರ್ವರ್ಡ್ ಮಾಡಿದವರ ಸುಲಭ ಪ್ರಕರಣಗಳನ್ನು ಹಿಡಿದು ಸಂಖ್ಯೆ ತೋರಿಸುವ ಆಸೆ ಹುಟ್ಟುತ್ತದೆ. ಸಂತ್ರಸ್ತ ಮಗುವನ್ನು ಗುರುತಿಸಿ ರಕ್ಷಿಸುವ ಕಷ್ಟದ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಎಣಿಕೆಯಲ್ಲಿ ಅದು ಒಂದೇ. ಕರ್ನಾಟಕದಲ್ಲಿ ಸೂತ್ರ ಬರೆಯುವುದಾದರೆ ಗುರುತಿಸಿದ ಮಕ್ಕಳ ಸಂಖ್ಯೆಗೆ ಹೆಚ್ಚು ತೂಕ ಇರಲಿ. ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯಗಳಿಗೆಂದೇ ಇರುವ ಇಂಟರ್‌ಪೋಲ್‌ನ ಐಸಿಎಸ್‌ಇ ದತ್ತಸಂಚಯಕ್ಕೆ ಭಾರತ 2022ರಲ್ಲಿ 68ನೇ ದೇಶವಾಗಿ ಸೇರಿದೆ, ಸಿಬಿಐ ಮೂಲಕ. ಗೋಡೆಯ ಬಣ್ಣ, ಶಾಲಾ ಸಮವಸ್ತ್ರ, ಹಿನ್ನೆಲೆಯ ಮಾತಿನ ಭಾಷೆ ನೋಡಿ ಮಗು ಎಲ್ಲಿಯದು ಎಂದು ಪತ್ತೆ ಹಚ್ಚುವ ಕೆಲಸ ಅದು. ಅಲ್ಲಿ ಕನ್ನಡ, ತುಳು, ಕೊಂಕಣಿ ಬಲ್ಲವರು ಬೇಕು.

ಹತ್ತಿರದ ಉದಾಹರಣೆ ಬೇಕಿದ್ದರೆ ಕೇರಳ ಪೊಲೀಸರ ಆಪರೇಷನ್ ಪಿ-ಹಂಟ್. ಮಕ್ಕಳ ಲೈಂಗಿಕ ಶೋಷಣೆಗೆಂದೇ ಪ್ರತ್ಯೇಕ ಕೇಂದ್ರ, ಒಂದೇ ದಿನ ರಾಜ್ಯದಾದ್ಯಂತ ಏಕಕಾಲದ ದಾಳಿ.

ಸಿಎಸ್‌ಆರ್_ಪ್ರಶ್ನೆ

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಜಿಲ್ಲಾ ಠಾಣೆಗೆ ತರಬಹುದೇ? ಸಿಐಡಿಯ ಸೈಬರ್ ತರಬೇತಿ ಕೇಂದ್ರ ಸಿಸಿಐಟಿಆರ್ ಇನ್ಫೋಸಿಸ್ ಫೌಂಡೇಶನ್ ಮತ್ತು ದತ್ತಾಂಶ ಭದ್ರತೆಯ ಸಂಸ್ಥೆ ಡಿಎಸ್‌ಸಿಐ ಸಹಯೋಗದಲ್ಲಿ ನಡೆಯುತ್ತಿದೆ. 2024ರ ಆರಂಭದಲ್ಲಿ ಫೌಂಡೇಶನ್ ಅದಕ್ಕೆ 33 ಕೋಟಿಗೂ ಹೆಚ್ಚು ಘೋಷಿಸಿತ್ತು.

ಲೆಕ್ಕ_ಶಾಖೆ

@ಸಿಎಸ್‌ಆರ್_ಪ್ರಶ್ನೆ ಅದು ಒಳ್ಳೆಯ ಮಾದರಿ, ಯಾಕೆಂದರೆ ಅದು ತರಬೇತಿ ಮತ್ತು ಸಂಶೋಧನೆಗೆ, ರಾಜ್ಯ ಮಟ್ಟದಲ್ಲಿ, ಸರ್ಕಾರದ ಜೊತೆ ಲಿಖಿತ ಒಪ್ಪಂದದ ಮೇಲೆ. ಜಿಲ್ಲಾ ಠಾಣೆಯ ಇನ್‌ಸ್ಪೆಕ್ಟರ್ ನೇರವಾಗಿ ಸ್ಥಳೀಯ ಉದ್ಯಮಿಯಿಂದ ಉಪಕರಣ ಪಡೆಯುವುದು ಬೇರೆ ಮಾತು. ನಾಳೆ ಅದೇ ಉದ್ಯಮಿಯ ಸಂಬಂಧಿಕ ಆರೋಪಿಯಾದರೆ ತನಿಖೆಯ ಮೇಲೆ ಕಲೆ ಬರುತ್ತದೆ. ದಾನ ತರಬೇತಿಗೆ, ಸಂತ್ರಸ್ತರ ಆಪ್ತಸಮಾಲೋಚನೆಗೆ ಬರಲಿ. ಸಾಕ್ಷ್ಯ ಮುಟ್ಟುವ ಉಪಕರಣ ಮತ್ತು ಮನುಷ್ಯರ ಸಂಬಳ ಸರ್ಕಾರದ ಖಜಾನೆಯಿಂದಲೇ ಆಗಲಿ.

ಮಡಿಲು_ನೆರಳು

ಇಷ್ಟೊತ್ತು ಫೋನ್, ಐಪಿ, ಹ್ಯಾಶ್ ಆಯಿತು. ಮಗುವಿನ ಬಳಿ ಹೋಗೋಣ.

ಪೋಕ್ಸೋ 24ನೇ ಕಲಂ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಮಗುವಿಗೆ ಒಗ್ಗುವ ಜಾಗದಲ್ಲೋ ಪಡೆಯಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರ ಇಲ್ಲದೆ. ಅಧಿಕಾರಿ ಚೂಡಿದಾರದಲ್ಲಿ ಬರುತ್ತಾರೆ, ಆದರೆ ಬರುವುದು ಪೊಲೀಸ್ ಜೀಪಿನಲ್ಲಿ. ಹಳ್ಳಿಯ ಬೀದಿಯಲ್ಲಿ ಆ ಜೀಪು ಅರ್ಧ ಗಂಟೆ ನಿಂತರೆ ಮಗುವಿನ ಗುರುತು ಗುಟ್ಟಾಗಿ ಉಳಿಯುವುದು ಹೇಗೆ? ಸಾಮಾನ್ಯ ಬಾಡಿಗೆ ಕಾರಿಗೆ ಒಂದು ಬಾಬ್ತು ಬೇಕು. ಚಿಕ್ಕ ಮೊತ್ತ, ಆದರೆ ಯಾವ ಯೋಜನೆಯಲ್ಲೂ ಇರುವುದಿಲ್ಲ.

ಪ್ರಕರಣದುದ್ದಕ್ಕೂ ಮಗುವಿನ ಜೊತೆ ನಿಲ್ಲುವ ಬೆಂಬಲ ವ್ಯಕ್ತಿಗಳ ವಿಷಯ. 2020ರ ಪೋಕ್ಸೋ ನಿಯಮಗಳಡಿ ಮಕ್ಕಳ ಕಲ್ಯಾಣ ಸಮಿತಿ ಅವರನ್ನು ನೇಮಿಸುತ್ತದೆ. ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಈ ವ್ಯವಸ್ಥೆ ಗಟ್ಟಿ ಮಾಡಲು ನಿರ್ದೇಶನವನ್ನೂ ಕೊಟ್ಟಿದೆ. ಕುಶಲ ಕಾರ್ಮಿಕರ ಕನಿಷ್ಠ ಕೂಲಿಯ ಲೆಕ್ಕದಲ್ಲಿ ಅವರಿಗೆ ಹಣ ಸಲ್ಲಬೇಕು. ಆನ್‌ಲೈನ್ ಪ್ರಕರಣದಲ್ಲಿ ಅವರ ಕೆಲಸ ಇನ್ನೂ ಉದ್ದ, ಯಾಕೆಂದರೆ ಆರೋಪಿ ಜೈಲಿಗೆ ಹೋದ ಮೇಲೂ ಚಿತ್ರ ಮತ್ತೆ ಮತ್ತೆ ಎದ್ದು ಬರುತ್ತದೆ. ಹದಿನೆಂಟರೊಳಗಿನವರಿಗೆ ಎನ್‌ಸಿಎಂಇಸಿಯ ಟೇಕ್ ಇಟ್ ಡೌನ್ ಸೇವೆ ಇದೆ. ಚಿತ್ರ ಎಲ್ಲಿಗೂ ಕಳಿಸಬೇಕಿಲ್ಲ, ಮಗುವಿನ ಸ್ವಂತ ಫೋನಿನಲ್ಲೇ ಅದರ ಹ್ಯಾಶ್ ತಯಾರಾಗಿ, ಆ ಹ್ಯಾಶ್ ಮಾತ್ರ ಸೇರಿಕೊಂಡ ಕಂಪನಿಗಳಿಗೆ ಹೋಗುತ್ತದೆ. ತನಿಖಾಧಿಕಾರಿ ಪ್ರತಿ ತೆಗೆದುಕೊಂಡ ಮೇಲೆ ಇದನ್ನು ಮಾಡಿಸಬೇಕು. ಹೆದರಿದ ತಂದೆ ತಾಯಿ ಮೊದಲು ಮಾಡುವುದು ಚಾಟ್ ಪೂರ್ತಿ ಅಳಿಸುವುದು. ಬೆದರಿಸಿದವನ ಖಾತೆಯ ಕೊಂಡಿ, ಸಂದೇಶಗಳು, ಹಣ ಕೇಳಿದ್ದರೆ ಯುಪಿಐ ಐಡಿ ಉಳಿಯಬೇಕು, ಅಷ್ಟು ಹೊತ್ತು ಅವರನ್ನು ಸಮಾಧಾನಿಸುವವರು ಬೇಕು.

ಮತ್ತೆ, ಈ ದೃಶ್ಯಗಳನ್ನು ದಿನವೂ ನೋಡುವ ಪೊಲೀಸರಿಗೂ ಸಹಾಯ ಬೇಕು. ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ, ಚಿಕ್ಕ ಚೌಕದಲ್ಲಿ, ಮೊದಲು ಶಬ್ದವಿಲ್ಲದೆ ನೋಡುವುದು, ಪಾಳಿಯ ಕೊನೆಯ ಗಂಟೆಯಲ್ಲಿ ನೋಡದಿರುವುದು, ಒಬ್ಬರೇ ಕೂರದಿರುವುದು. ಈಗಾಗಲೇ ಗುರುತಾದ ಫೈಲುಗಳನ್ನು ಹ್ಯಾಶ್ ಪಟ್ಟಿಯಿಂದ ತಾನಾಗಿಯೇ ವಿಂಗಡಿಸಿದರೆ ಮನುಷ್ಯರು ನೋಡಬೇಕಾದದ್ದು ಬಹಳ ಕಡಿಮೆಯಾಗುತ್ತದೆ. ಇದಿಲ್ಲದೆ ಒಳ್ಳೆಯ ಸಿಬ್ಬಂದಿ ವರ್ಷದೊಳಗೆ ವರ್ಗಾವಣೆ ಕೇಳುತ್ತಾರೆ, ತರಬೇತಿಗೆ ಹಾಕಿದ ಹಣವೂ ಅವರೊಂದಿಗೆ ಹೋಗುತ್ತದೆ.

ಮಲೆನಾಡ_ಓದುಗ

ಶಾಲೆಗಳಲ್ಲಿ ಜಾಗೃತಿ ಕಾರ್ಯಕ್ರಮಕ್ಕೆ ಯಾರೂ ಹಣ ಇಡಲೇ ಇಲ್ಲವಲ್ಲ?

ಮಡಿಲು_ನೆರಳು

@ಮಲೆನಾಡ_ಓದುಗ ಬೇಕು, ಆದರೆ ಈ ತಲೆಬರಹದಲ್ಲಿ ಬೇಡ. ಶಿಕ್ಷಣ ಇಲಾಖೆಯಿಂದ ಆಗಲಿ. ಜಾಗೃತಿ ಕಾರ್ಯಕ್ರಮದ ಮರುದಿನ ಮಕ್ಕಳು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತಾರೆ. ಆಗ ಠಾಣೆಯಲ್ಲಿ ಯಾರೂ ಇಲ್ಲದಿದ್ದರೆ ಮತ್ತೆ ಯಾರನ್ನೂ ನಂಬುವುದಿಲ್ಲ.

ಕಡತ_ಕನ್ನಡಿ

ಎಲ್ಲರ ಮಾತು ಸೇರಿಸಿ ಒಂದು ಕರಡು. ಗುತ್ತಿಗೆಯ ಇಬ್ಬರು ವಿಶ್ಲೇಷಕರು, ತಲಾ ತಿಂಗಳಿಗೆ 60,000: 14.4 ಲಕ್ಷ. ಒಬ್ಬರು ಟಿಪ್ ವಿಂಗಡಣೆ ಮತ್ತು ಪತ್ರವ್ಯವಹಾರಕ್ಕೆ, ಒಬ್ಬರು ಫೋನ್ ಪ್ರತಿಗೆ. ಎಕ್ಸ್‌ಟ್ರಾಕ್ಷನ್ ಪರವಾನಗಿಗೆ 14 ಲಕ್ಷದ ಮಿತಿ. ಸಂಗ್ರಹಣೆ ಮತ್ತು ಟೇಪ್ 6 ಲಕ್ಷ. ಚೀಲ, ಪವರ್ ಬ್ಯಾಂಕ್, ರೈಟ್ ಬ್ಲಾಕರ್ 1 ಲಕ್ಷ. ಬೆಂಬಲ ವ್ಯಕ್ತಿ, ಬಾಡಿಗೆ ಕಾರು, ಮಗುವಿನ ಪ್ರಯಾಣ 5 ಲಕ್ಷ. ಸಿಬ್ಬಂದಿಯ ಆಪ್ತಸಮಾಲೋಚನೆ 2.4 ಲಕ್ಷ. ತರಬೇತಿ 3 ಲಕ್ಷ. ಉಳಿದ 4.2 ಲಕ್ಷ ಡಾಲರ್ ದರ ಏರಿದರೆ ಪರವಾನಗಿಗೆ.

ಹೆಕ್ಸ್_ಹರಿವು

ಇಬ್ಬರು ವಿಶ್ಲೇಷಕರು ಪರಸ್ಪರರ ಕೆಲಸ ಕಲಿತಿರಲಿ. ಒಬ್ಬರು ರಜೆಯಲ್ಲಿದ್ದಾಗ ಜಪ್ತಿಯಾದ ಫೋನಿಗೆ ಮೂರು ದಿನ ಕಾಯಲು ಬರಲ್ಲ. ಭಾಗ ಬಿಗೆ ಸಹಿ ಹಾಕುವ ತಜ್ಞರು ಯಾರು ಅಂತಲೂ ಮೊದಲೇ ತೀರ್ಮಾನ ಆಗಲಿ. ಗುತ್ತಿಗೆ ಮುಗಿದು ಊರು ಬಿಟ್ಟವರನ್ನು ನಾಲ್ಕು ವರ್ಷದ ನಂತರ ಸಾಕ್ಷಿ ಕಟ್ಟೆಗೆ ಕರೆಸೋದು ಸುಲಭವಲ್ಲ.

ಲೆಕ್ಕ_ಶಾಖೆ

ಎರಡು ತಿದ್ದುಪಡಿ. ಬೆಂಬಲ ವ್ಯಕ್ತಿಗಳ ಸಂಭಾವನೆ ಬಾಲನ್ಯಾಯ ಕಾಯ್ದೆ 105ನೇ ಕಲಂ ನಿಧಿಯಿಂದ ಸಲ್ಲಬೇಕಾದದ್ದು. ಅದನ್ನೇ ಇಲ್ಲೂ ತೋರಿಸಿದರೆ ಎರಡು ಕಡೆ ಪಾವತಿ ಎಂದು ಆಡಿಟ್ ಆಕ್ಷೇಪ ಬರುತ್ತದೆ. ಆ 5 ಲಕ್ಷವನ್ನು ಕಾರು, ಪ್ರಯಾಣ, ಊಟಕ್ಕೆ ಸೀಮಿತಗೊಳಿಸಿ ಮೂರಕ್ಕೆ ಇಳಿಸಿ. ಮಿಕ್ಕ ಎರಡನ್ನು ವಿಶ್ಲೇಷಕರ ಸಂಬಳಕ್ಕೆ ಸೇರಿಸಿ, ಆಗ ತಲಾ 68,000ಕ್ಕೆ ಸ್ವಲ್ಪ ಮೇಲೆ ಬರುತ್ತದೆ. ಸಂಬಳ ಕಡಿಮೆ ಇಟ್ಟರೆ ಕಲಿತ ಕೂಡಲೇ ಬೆಂಗಳೂರಿನ ಕಂಪನಿಗೆ ಹೋಗುತ್ತಾರೆ.

ಮತ್ತು ಪರವಾನಗಿಯ ಅವಧಿ ಮಾರ್ಚ್ 31ಕ್ಕೆ ಮುಗಿಯದಂತೆ ಮೊದಲ ವರ್ಷವೇ 15 ತಿಂಗಳಿಗೆ ಕೊಳ್ಳಿ, ಜೂನ್ 30ಕ್ಕೆ ಕೊನೆಯಾಗಲಿ. ಹೊಸ ವರ್ಷದ ಹಣ ಖಜಾನೆಯಿಂದ ಇಳಿಯಲು ಮೇ ತಿಂಗಳಾದರೂ ಆಗುತ್ತದೆ, ಏಪ್ರಿಲ್‌ನಲ್ಲಿ ಜಪ್ತಿಯಾದ ಫೋನಿಗೂ ಉಪಕರಣ ಕೆಲಸ ಮಾಡುತ್ತಿರಬೇಕು.